ಒರೆಸಿದ ಸ್ಲೇಟು

ಬಾಯ್ಲರ್ ಮನೆಯ ಹಬೆಯಣ್ಣ ಈಗ ಬಾಯಿಬಿಟ್ಟು ಎಣಿಸುತ್ತಾನೆ. ಕೆಸರು ಇಳಿಸುವ ವಾಲ್ವಿನ ಚಕ್ರವನ್ನು ಎಡಗೈಯಲ್ಲಿ ತಿರುಗಿಸಿ, ಕೊಳವೆಯೊಳಗೆ ನೀರು ಗುಡುಗುತ್ತ ಹೋಗುವುದನ್ನು ಕಿವಿಗೊಟ್ಟು ಕೇಳಿ, ಮತ್ತೆ ಬಿಗಿ ಮಾಡಿ, "ಒಂದು" ಎನ್ನುತ್ತಾನೆ. ಎಂಟು ನಿಮಿಷ ಸ್ಟೂಲಿನ ಮೇಲೆ ಕೂರುತ್ತಾನೆ. ಎದ್ದು ಮತ್ತೆ ತಿರುಗಿಸಿ, "ಎರಡು" ಎನ್ನುತ್ತಾನೆ. ಅಂಗಳದ ಆಚೆಗೂ ಕೇಳಿಸುವಷ್ಟು ಗಟ್ಟಿ ದನಿ. ಹೊಸದಾಗಿ ಕೆಲಸಕ್ಕೆ ಸೇರಿದವರು ಮುಸಿಮುಸಿ ನಗುತ್ತಾರೆ, ಮುದುಕನಿಗೆ ಒಂದು ಸುತ್ತು ಕಡಿಮೆ ಎಂದುಕೊಳ್ಳುತ್ತಾರೆ. ಹಳಬರು ನಗುವುದಿಲ್ಲ. ಗೋಡೆಯಾಚೆ ಇಸ್ತ್ರಿ ಹಾಲಿನಲ್ಲಿ ಕೆಲಸ ಮಾಡುವ ಹೆಂಗಸರಂತೂ ಎಣಿಕೆ ಮುಗಿಯುವವರೆಗೆ ಒಂದು ಕಿವಿಯನ್ನು ಅತ್ತಲೇ ಇಟ್ಟಿರುತ್ತಾರೆ.

ಈ ಚಟ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತೆರಡು ವರ್ಷ ಮನಸ್ಸಿನಲ್ಲೇ ಎಣಿಸಿಕೊಂಡು, ಯಾರಿಗೂ ಕೇಳಿಸದ ಹಾಗೆ ಕೆಲಸ ಮಾಡಿದ ಮನುಷ್ಯ ಅವನು.

ಅದೊಂದು ದೊಡ್ಡ ಲಾಂಡ್ರಿ. ನಾಲ್ಕು ಆಸ್ಪತ್ರೆ, ಏಳೆಂಟು ಹೋಟೆಲುಗಳ ಹೊದಿಕೆ, ಟವೆಲು, ಡಾಕ್ಟರುಗಳ ಕೋಟು ಎಲ್ಲ ದಿನಾ ಗಂಟುಗಂಟಾಗಿ ಬಂದು ಬೀಳುತ್ತವೆ. ಒಗೆಯುವುದಕ್ಕೆ ಬಿಸಿನೀರು, ಒಣಗಿಸುವುದಕ್ಕೆ ಶಾಖ, ಇಸ್ತ್ರಿಯ ರೋಲರುಗಳಿಗೆ ಕಾವು, ಎಲ್ಲವೂ ಒಂದೇ ಬಾಯ್ಲರಿನ ಹಬೆಯಿಂದ. ಆ ಬಾಯ್ಲರನ್ನು ಬೆಳಗಿನ ಪಾಳಿಯಲ್ಲಿ ನೋಡಿಕೊಳ್ಳುವವನಾದ್ದರಿಂದ ಅವನು ಹಬೆಯಣ್ಣ. ಅವನ ನಿಜವಾದ ಹೆಸರು ಸಂಬಳದ ಪಟ್ಟಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ.

ಬಾಯ್ಲರಿನ ಹೊಟ್ಟೆಯಲ್ಲಿ ನೀರು ಕುದ್ದು ಹಬೆಯಾಗಿ ಹೊರಟುಹೋಗುತ್ತದೆ. ನೀರಿನಲ್ಲಿದ್ದ ಸುಣ್ಣ, ಉಪ್ಪು, ಮಣ್ಣು ಎಲ್ಲಿಗೂ ಹೋಗುವುದಿಲ್ಲ, ತಳದಲ್ಲಿ ಕೆಸರಾಗಿ ಕೂರುತ್ತದೆ. ಅದನ್ನು ದಿನಾ ಹೊರಗೆ ಬಿಡಬೇಕು. ಬಿಡದಿದ್ದರೆ ಕೆಸರು ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಕಲ್ಲಾಗುತ್ತದೆ. ಎಲ್ಲಕ್ಕಿಂತ ಮೊದಲು ಕಟ್ಟಿಕೊಳ್ಳುವುದು ಪಕ್ಕದಲ್ಲಿರುವ ಒಂದು ಸಣ್ಣ ಡಬ್ಬಿ. ಅದರೊಳಗೆ ಒಂದು ಟೊಳ್ಳು ಗುಂಡು ನೀರಿನ ಮೇಲೆ ತೇಲುತ್ತಿರುತ್ತದೆ. ನೀರು ಇಳಿದರೆ ಗುಂಡೂ ಇಳಿದು ಪಂಪನ್ನು ಚಾಲೂ ಮಾಡುತ್ತದೆ. ಇನ್ನೂ ಇಳಿದರೆ ಬೆಂಕಿಯನ್ನೇ ಆರಿಸುತ್ತದೆ. ಗುಂಡು ಕೆಸರಿನಲ್ಲಿ ಹೂತುಕೊಂಡಿತೋ, ನೀರು ತುಂಬಿದೆ ಎಂದೇ ಹೇಳುತ್ತಿರುತ್ತದೆ. ಕೆಳಗೆ ಬೆಂಕಿ ಉರಿಯುತ್ತಿರುತ್ತದೆ, ಮೇಲೆ ನೀರಿರುವುದಿಲ್ಲ. ಆಮೇಲೆ ಆಗುವುದನ್ನು ಹತ್ತಿರದಿಂದ ನೋಡಿ ಬಂದು ಹೇಳಿದವರು ಕಡಿಮೆ.

ದಿನಕ್ಕೆ ಎಷ್ಟು ಸಲ ಬಿಡಬೇಕು ಎನ್ನುವುದು ನೀರಿನ ಮೇಲೆ ಹೋಗುತ್ತದೆ. ಕೆಲವು ದಿನ ಮೂರು, ಕೆಲವು ದಿನ ಏಳು, ನೀರು ಕೆಟ್ಟಿದ್ದರೆ ಒಂಬತ್ತು. ಅದನ್ನು ಹೇಳುವವರು ನೀರಿನ ಮೇಡಂ. ಬೆಳಿಗ್ಗೆ ಏಳೂವರೆಗೆ ಬಂದು, ಸಣ್ಣ ಸೀಸೆಯಲ್ಲಿ ನೀರು ಹಿಡಿದು, ಎರಡು ಹನಿ ಮದ್ದು ಹಾಕಿ ಬಣ್ಣ ನೋಡಿ, ಬಾಯ್ಲರ್ ಮನೆಯ ಬಾಗಿಲಿಗೆ ನೇತುಹಾಕಿದ ಸ್ಲೇಟಿನ ಮೇಲೆ ಆ ದಿನದ ಅಂಕಿ ಬರೆದು ಹೋಗುತ್ತಿದ್ದರು. ಅಂಕಿ ಬದಲಾಗದ ದಿನ ಏನೂ ಬರೆಯುತ್ತಿರಲಿಲ್ಲ. ಆದರೆ ನಿನ್ನೆಯ ಅಂಕಿಯನ್ನು ಹಾಗೆಯೇ ಬಿಟ್ಟರೆ ಮೇಡಂ ಬಂದೇ ಇಲ್ಲವೇನೋ ಎಂಬ ಅನುಮಾನ ಬರುತ್ತದಲ್ಲ, ಅದಕ್ಕೆ ಒದ್ದೆ ಬಟ್ಟೆಯಿಂದ ಸ್ಲೇಟನ್ನು ಚೊಕ್ಕವಾಗಿ ಒರೆಸಿ ಹೋಗುತ್ತಿದ್ದರು. ಒರೆಸಿದ ಸ್ಲೇಟು ಎಂದರೆ, ಬಂದಿದ್ದೆ, ನೋಡಿದೆ, ನಿನ್ನೆಯಷ್ಟೇ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಇಬ್ಬರ ನಡುವೆ ಹದಿನೈದು ವರ್ಷ ಒಂದು ದಿನವೂ ತಪ್ಪದೆ ನಡೆದುಬಂದ ಮಾತು ಅದು.

ಬಾಯ್ಲರ್ ಮನೆಗೂ ಇಸ್ತ್ರಿ ಹಾಲಿಗೂ ನಡುವೆ ಇದ್ದದ್ದು ಒಂದು ಇಟ್ಟಿಗೆಯ ಗೋಡೆ. ಗೋಡೆಯ ಆ ಕಡೆ, ಕೊನೆಯ ರೋಲರಿನ ಹತ್ತಿರ, ಹಬೆಯಣ್ಣನ ತಂಗಿ ನಿಲ್ಲುತ್ತಿದ್ದಳು. ಗಂಡನನ್ನು ಕಳೆದುಕೊಂಡು ಎರಡು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಣ್ಣನ ಮನೆಗೆ ಬಂದವಳು. ಅಣ್ಣ ಮದುವೆಯ ಮಾತು ಬಿಟ್ಟ, ತಂಗಿಗೆ ಲಾಂಡ್ರಿಯಲ್ಲಿ ಕೆಲಸ ಕೊಡಿಸಿದ, ಮೂವರೂ ಎರಡು ಕೋಣೆಯ ಮನೆಯಲ್ಲಿ ಒಂದು ಸಂಸಾರವಾದರು. ಜಗತ್ತಿನಲ್ಲಿ ಅವನಿಗೆ ಬೇಕಾದವರು ಆ ಇಬ್ಬರೇ. ಒಬ್ಬಳನ್ನು ತಾನೇ ಕೊಡಿಸಿದ ಕೆಲಸ ದಿನಕ್ಕೆ ಎಂಟು ಗಂಟೆ ಆ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಇಪ್ಪತ್ತೆರಡು ವರ್ಷ ಒಂದು ಸುತ್ತನ್ನೂ ತಪ್ಪಿಸಿರಲಿಲ್ಲ.

ತಪ್ಪಿಸಿದ್ದು ಬಲಭುಜ. ಐವತ್ತೇಳಕ್ಕೆ ಭುಜದ ಕೀಲು ಸವೆದು, ಅಂಗಿ ಹಾಕಿಕೊಳ್ಳುವಾಗ ಕಣ್ಣಲ್ಲಿ ನೀರು ಬರತೊಡಗಿತು. ಮ್ಯಾನೇಜರು ಒಂದು ವರ್ಷ ಯೋಚಿಸಿ ಮೋಟಾರಿನ ವಾಲ್ವು ಹಾಕಿಸಿದ. ಹಾಕಲು ಬಂದವನು ದಿನಕ್ಕೆ ಐದು ಸಲ ತೆರೆಯುವಂತೆ ಕಟ್ಟಿಟ್ಟು ಹೋದ. ಮೂರು ಸಾಕಾದ ದಿನವೂ ಐದು, ಒಂಬತ್ತು ಬೇಕಾದ ದಿನವೂ ಐದು. ಬದಲಾಯಿಸಿ ಎಂದರೆ, ಅದರ ಒಳಗಿನ ಪ್ರೋಗ್ರಾಮನ್ನೇ ಬೇರೆ ಬರೆಯಬೇಕು, ಮುಂದಿನ ವರ್ಷ ನೋಡೋಣ ಎಂದ ಮ್ಯಾನೇಜರು. ಮೋಟಾರು ಅಲಂಕಾರಕ್ಕೆ ಕೂತಿತು, ಹಬೆಯಣ್ಣ ಮತ್ತೆ ಚಕ್ರ ತಿರುಗಿಸಿದ.

ತಂಗಿಯ ಮಗಳು ಅಷ್ಟರಲ್ಲಿ ಇಪ್ಪತ್ನಾಲ್ಕರ ಹುಡುಗಿ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸಂಜೆ ಹೊತ್ತು, ಕಂಪ್ಯೂಟರು ಮುಟ್ಟಿಯೇ ಇರದವರಿಗೆ ಪ್ರೋಗ್ರಾಮು ಬರೆಯಲು ಕಲಿಸುತ್ತಿದ್ದಳು. ಒಂದು ದಿನ ಮನೆಯಲ್ಲಿ ಪಾಠ ಸಿದ್ಧ ಮಾಡಿಕೊಳ್ಳುತ್ತ ಗಟ್ಟಿಯಾಗಿ ಓದಿದಳು: "ಒಂದು ಸಂಖ್ಯೆ ಕೇಳಿ. ಅಷ್ಟು ಸಲ ನಮಸ್ಕಾರ ಎಂದು ಬರೆಯಿರಿ."

ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಹಬೆಯಣ್ಣ ಕೈ ನಿಲ್ಲಿಸಿದ.

"ಎಷ್ಟು ಸಲ ಅಂತ ಮೊದಲೇ ಗೊತ್ತಿಲ್ದಿದ್ರೂ ಸುತ್ತಿಸಬಹುದೇನೆ ಪುಟ್ಟಿ?"

"ಅದೇ ಅದರ ಗಮ್ಮತ್ತು ಮಾವ. ಲೂಪ್ ಅಂತೀವಿ. ನೀನು ಮೂರು ಅಂದ್ರೆ ಮೂರು ಸಲ, ನೂರು ಅಂದ್ರೆ ನೂರು ಸಲ. ಬೇಜಾರಿಲ್ಲ, ಸುಸ್ತಿಲ್ಲ."

"ಭುಜಾನೂ ಇಲ್ಲ," ಎಂದ ಹಬೆಯಣ್ಣ.

ಮರುದಿನವೇ ಒಂದು ನೋಟ್‌ಬುಕ್ಕು ಕೊಂಡು ತರಗತಿಗೆ ಹೋದ. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಎರಡು ವರ್ಷ ಮುಂಚೇನೇ ಬಂತು," ಎಂದು ತಂಗಿ ನಕ್ಕಳು. ಅವನು ಹಿಂದಿನ ಬೆಂಚಿನಲ್ಲಿ, ಒಬ್ಬ ದರ್ಜಿ ಮತ್ತು ಇಬ್ಬರು ನರ್ಸುಗಳ ಪಕ್ಕ ಕೂರುತ್ತಿದ್ದ. ಮನೆಯಲ್ಲಿ 'ನೀನು' ಎನ್ನುತ್ತಿದ್ದ ಹುಡುಗಿ ತರಗತಿಯಲ್ಲಿ ಎಲ್ಲರಿಗೂ ಹೇಳುವ ಹಾಗೆ ಅವನಿಗೂ 'ನೀವು' ಎನ್ನುತ್ತಿದ್ದಳು, ಅವನೂ ಎದ್ದು ನಿಂತು ಉತ್ತರ ಕೊಡುತ್ತಿದ್ದ. ಅಷ್ಟು ವಿಧೇಯ ವಿದ್ಯಾರ್ಥಿ ಆ ಕೋಣೆಯಲ್ಲಿ ಬೇರೆ ಇರಲಿಲ್ಲ. ನನ್ನ ಕೇಳಿದರೆ ಅದೇ ಕುತ್ತಾದದ್ದು.

ಎರಡು ತಿಂಗಳಲ್ಲಿ ಪ್ರೋಗ್ರಾಮು ಸಿದ್ಧವಾಯಿತು. ಎಂಟು ಗಂಟೆಗೆ ಮೋಟಾರಿನ ಪೆಟ್ಟಿಗೆಯ ಪರದೆಯ ಮೇಲಿನ ಚೌಕದಿಂದ ಸಂಖ್ಯೆ ತೆಗೆದುಕೊಳ್ಳುವುದು. ವಾಲ್ವು ತೆರೆಯುವುದು, ಹತ್ತು ಸೆಕೆಂಡು ಬಿಟ್ಟು ಮುಚ್ಚುವುದು, ಎಂಟು ನಿಮಿಷ ಕಾಯುವುದು, ಮತ್ತೆ ತೆರೆಯುವುದು. ಸಂಖ್ಯೆ ಎಷ್ಟೋ ಅಷ್ಟು ಸುತ್ತು. ಎಲ್ಲ ಆದಮೇಲೆ ಕೊನೆಯ ಸಾಲಿನಲ್ಲಿ ಅವನ ಫೋನಿಗೆ ಒಂದೇ ಪದದ ಸಂದೇಶ: ಮುಗಿಯಿತು. ಆ ಕೊನೆಯ ಸಾಲು ಯಾರೂ ಹೇಳಿಕೊಡದೆ ಅವನೇ ಬರೆದದ್ದು, ಅದರ ಮೇಲೆ ಅವನಿಗೆ ತುಂಬಾ ಹೆಮ್ಮೆ.

ಒಮ್ಮೆ ಚೌಕವನ್ನು ಖಾಲಿ ಬಿಟ್ಟು ಓಡಿಸಿದಾಗ ಪ್ರೋಗ್ರಾಮು ಕೆಂಪಕ್ಷರ ತೋರಿಸಿ ನಿಂತುಬಿಟ್ಟಿತು. ತರಗತಿಯಲ್ಲಿ ಎದ್ದು ನಿಂತು ಕೇಳಿದ.

"ಮೇಡಂ, ಖಾಲಿ ಇದ್ರೆ ಏನು ಮಾಡೋದು?"

"ಖಾಲಿ ಅಂದ್ರೆ ಸೊನ್ನೆ ಅಂತ ಇಟ್ಕೊಳಿ," ಎಂದಳು ಹುಡುಗಿ. "ಎಲ್ಲರೂ ಹಾಗೇ ಮಾಡೋದು."

ಬರೆದುಕೊಂಡ. ಖಾಲಿ ಇದ್ದರೆ ಸೊನ್ನೆ. ಖಾಲಿ ಎಂದರೆ ನಿನ್ನೆಯಷ್ಟೇ ಎಂದು ಹದಿನೈದು ವರ್ಷದಿಂದ ಬಲ್ಲ ಮನುಷ್ಯ, ತಲೆ ಬಗ್ಗಿಸಿಕೊಂಡು, ನೀಟಾದ ಅಕ್ಷರದಲ್ಲಿ, ಅಡಿಗೆರೆ ಹಾಕಿ ಬರೆದುಕೊಂಡು, ಪ್ರೋಗ್ರಾಮಿಗೂ ಅದನ್ನೇ ಸೇರಿಸಿದ. ಬಾಯ್ಲರ್ ಮನೆಯಲ್ಲಿ ಯಾರಾದರೂ ಹಾಗೆ ಹೇಳಿದ್ದರೆ ಬೈದು ಓಡಿಸುತ್ತಿದ್ದ. ಬೆಂಚಿನ ಮೇಲೆ ಕೂತವನಿಗೆ ಅದು ಹೊಳೆಯಲೇ ಇಲ್ಲ.

ಎರಡು ವಾರ ಮೈಯೆಲ್ಲ ಕಣ್ಣಾಗಿ ಪರೀಕ್ಷೆ ಮಾಡಿದ. ಬೆಳಿಗ್ಗೆ ಸ್ಲೇಟು ನೋಡಿ, ಒರೆಸಿದ್ದರೆ ನಿನ್ನೆಯ ಅಂಕಿ ನೆನೆಸಿಕೊಂಡು, ತಾನೇ ಚೌಕದಲ್ಲಿ ಒತ್ತುತ್ತಿದ್ದ. ಮೂರು ಸುತ್ತಿನ ದಿನ ಎಂಟು ಇಪ್ಪತ್ನಾಲ್ಕಕ್ಕೆ ಸಂದೇಶ ಬರುತ್ತಿತ್ತು, ಏಳು ಸುತ್ತಿನ ದಿನ ಎಂಟು ಐವತ್ತಾರಕ್ಕೆ. ಒಂದು ದಿನವೂ ಹೆಚ್ಚುಕಡಿಮೆ ಆಗಲಿಲ್ಲ. ಮ್ಯಾನೇಜರು ಬಂದು ಬೆನ್ನು ತಟ್ಟಿದ. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ," ಎಂದಳು ತಂಗಿ, "ನಿಂಗೆ ಕೈ ಕೆಸರಾಗ್ದೇನೇ ಮೊಸರು ಸಿಕ್ತು ನೋಡಣ್ಣ."

ಆಮೇಲೆ ಭುಜದ ಆಪರೇಷನ್ನಿಗೆ ರಜೆ ಹಾಕಿದ. ಬಾಯ್ಲರಿಗೆ ಹೊರಗಿನಿಂದ ಒಬ್ಬ ಬದಲಿಯವನು ಬಂದ. ನಲವತ್ತು ದಾಟಿದವನು, ಒಳ್ಳೆಯವನು, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು.

"ಕೆಸರಿನ ವಾಲ್ವಿನ ತಂಟೆಗೆ ಹೋಗ್ಬೇಡ," ಎಂದು ಹಬೆಯಣ್ಣನೇ ಅವನಿಗೆ ಹೇಳಿದ. "ಅದನ್ನ ಮೆಷಿನ್ನೇ ನೋಡ್ಕೊಳುತ್ತೆ."

ಮ್ಯಾನೇಜರು ನೀರಿನ ಮೇಡಂಗೆ, ಇನ್ನು ಸ್ಲೇಟು ಬೇಡ, ಅಂಕಿಯನ್ನು ನೇರವಾಗಿ ಪರದೆಯಲ್ಲೇ ಹಾಕಿ ಎಂದ. ಸ್ಲೇಟನ್ನು ಬಾಗಿಲಿಂದ ತೆಗೆದು ಕಪಾಟಿನ ಹಿಂದೆ ಇಟ್ಟರು.

ಮೊದಲ ದಿನ ಮೇಡಂ ಚೌಕದಲ್ಲಿ ಐದು ಎಂದು ಒತ್ತಿದರು. ಸಂದೇಶ ಎಂಟು ನಲವತ್ತಕ್ಕೆ ಬಂತು. ತಂಗಿ ಎಂಟೂವರೆಗೇ ಕೆಲಸಕ್ಕೆ ಹೊರಟಿದ್ದಳು. ಹಬೆಯಣ್ಣ ಹಾಸಿಗೆಯಲ್ಲಿ ಬಲಗೈ ಎದೆಗೆ ಕಟ್ಟಿಸಿಕೊಂಡು ಮಲಗಿದ್ದವನು, ಎಡಗೈಯಲ್ಲಿ ತಡವರಿಸಿ ಫೋನು ಎತ್ತಿ ಓದಿಕೊಂಡು, ಮಾತ್ರೆಯ ಮಂಪರಿನಲ್ಲಿ ನಕ್ಕ.

ಎರಡನೆಯ ದಿನ ನೀರು ಬದಲಾಗಿರಲಿಲ್ಲ, ಆಮೇಲಿನ ದಿನಗಳಲ್ಲೂ ಬದಲಾಗಲಿಲ್ಲ. ಮೇಡಂ ಏಳೂವರೆಗೆ ಬಂದರು, ನೋಡಿದರು, ಚೌಕದಲ್ಲಿದ್ದ ಐದನ್ನು ಅಳಿಸಿ ಚೊಕ್ಕ ಮಾಡಿ ಹೋದರು.

ಆ ಬೆಳಿಗ್ಗೆ ತಂಗಿ ಚಹಾ ಸೋಸುತ್ತಿದ್ದಾಗ ಫೋನು ಟಿಣ್ ಎಂದಿತು. "ಬಂತು ನೋಡಣ್ಣ," ಎಂದು ಅವಳೇ ಎತ್ತಿಕೊಂಡು ಓದಿದಳು, "ಮುಗಿಯಿತು."

"ಹೂಂ," ಎಂದ ಹಬೆಯಣ್ಣ ಕಣ್ಣು ಮುಚ್ಚಿಕೊಂಡೇ.

ಮೂರನೆಯ ದಿನವೂ ಅದೇ ಹೊತ್ತಿಗೆ. ನಾಲ್ಕನೆಯ ದಿನ ಅವಳು ಗೋಡೆಯ ಗಡಿಯಾರ ನೋಡಿ, "ಎಂಟು ಅಂದ್ರೆ ಎಂಟು! ನಿನ್ನ ಮೆಷಿನ್ನು ನಿನಗಿಂತ ಶಿಸ್ತು," ಎಂದಳು. ಅದು ಅವಳಿಗೆ ಆಟವಾಯಿತು. ಚಹಾದ ಲೋಟ ಅಣ್ಣನ ಎಡಗೈಗೆ ಕೊಟ್ಟು, ಫೋನು ಟಿಣ್ ಎನ್ನುವುದನ್ನೇ ಕಾದು, ಶಾಲೆಯಲ್ಲಿ ಹಾಜರಿ ಹೇಳುವ ಮಕ್ಕಳ ಹಾಗೆ, "ಮುಗಿಯಿತು!" ಎಂದು ಕೂಗಿ, ಸೀರೆಯ ನೆರಿಗೆ ಸರಿಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಮಾತ್ರೆಗಳ ಅಮಲಿನಲ್ಲಿ ಅವನಿಗೆ ಆ ಕೂಗು ಹಿತವಾಗಿ ಕೇಳುತ್ತಿತ್ತು. ತಾನು ಇಲ್ಲಿ ಮಲಗಿದ್ದರೂ ತನ್ನ ಕೈ ಅಲ್ಲಿ ಚಕ್ರ ತಿರುಗಿಸುತ್ತಿದೆ ಎನಿಸುತ್ತಿತ್ತು.

ಎಂಟನೆಯ ದಿನ ಸಂಜೆ ಅವಳು ಬಂದು ಕಾಲು ಚಾಚಿ ಕೂತು ಹೇಳಿದಳು: "ಈಗೀಗ ಆ ಗೋಡೆ ಎಷ್ಟು ಬೆಚ್ಚಗಿರುತ್ತೆ ಅಂತೀಯ ಅಣ್ಣ! ಚಹಾ ಬಿಡುವಿನಲ್ಲಿ ಬೆನ್ನು ಆನಿಸಿ ಕೂತ್ಕೊಂಡ್ರೆ ಸೊಂಟನೋವೆಲ್ಲ ಹಾರಿಹೋಗುತ್ತೆ. ಎಲ್ಲರೂ ನನ್ನ ಜಾಗಕ್ಕೇ ಜಗಳ ಆಡ್ತಾರೆ."

ಹಬೆಯಣ್ಣ ಕಣ್ಣು ತೆರೆದ. ಆ ಗೋಡೆಯ ಹಿಂದೆ ಇರುವುದು ಹೊಗೆ ಹೋಗುವ ದಾರಿ. ಶಾಖ ನೀರಿಗೆ ಹಿಡಿದರೆ ಹೊಗೆ ತಣ್ಣಗೆ ಹೋಗುತ್ತದೆ. ಹೊಗೆ ಬಿಸಿಯಾಗಿದೆ ಎಂದರೆ ಶಾಖ ನೀರಿಗೆ ಮುಟ್ಟುತ್ತಿಲ್ಲ, ಎಂದರೆ ನಡುವೆ ಏನೋ ಕೂತಿದೆ. ಇದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಎಷ್ಟು ಬೆಚ್ಚಗೆ?" ಎಂದು ಕೇಳಿದ.

"ಹದವಾಗಿ. ಯಾಕೆ?"

"ಏನಿಲ್ಲ." ಕೆಸರು ದಿನಾ ಹೋಗುತ್ತಿದೆಯಲ್ಲ, ಸಂದೇಶ ಬರುತ್ತಿದೆಯಲ್ಲ. ಬದಲಿಯವನು ಬೆಂಕಿಯನ್ನು ಸ್ವಲ್ಪ ಜೋರು ಇಟ್ಟಿರಬೇಕು ಎಂದುಕೊಂಡ. ಇಪ್ಪತ್ತೆರಡು ವರ್ಷದ ಅನುಭವ ಒಂದು ಮಾತು ಹೇಳಿತು, ಎರಡು ತಿಂಗಳ ವಿದ್ಯೆ ಇನ್ನೊಂದು ಹೇಳಿತು. ಅವನು ವಿದ್ಯೆಯ ಮಾತು ಕೇಳಿ ಮಗ್ಗುಲು ಬದಲಿಸಿ ಮಲಗಿದ. ಈಗಲೂ ಅವನು ಅದನ್ನು ತನಗೆ ತಾನು ಕ್ಷಮಿಸಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ.

ಹತ್ತನೆಯ ದಿನ ಅವಳು, ಗೋಡೆಗೆ ಈಗ ಬೆನ್ನು ಆನಿಸಲು ಆಗುವುದಿಲ್ಲ, ನಡುವೆ ಒಂದು ಟವೆಲು ಮಡಚಿ ಇಟ್ಟುಕೊಳ್ಳಬೇಕು ಎಂದಳು. ಹನ್ನೊಂದನೆಯ ದಿನ ಏನೂ ಹೇಳಲಿಲ್ಲ. ಹನ್ನೆರಡನೆಯ ದಿನ ಎಂಟಕ್ಕೆ ಸರಿಯಾಗಿ, "ಮುಗಿಯಿತು!" ಎಂದು ಕೂಗಿ ಹೋದಳು.

ಆ ದಿನ ಒಂಬತ್ತೂವರೆ ಹೊತ್ತಿಗೆ ಹುಡುಗಿ ಊಟದ ಮೇಜಿನ ಮೇಲೆ ವಿದ್ಯಾರ್ಥಿಗಳ ಪ್ರೋಗ್ರಾಮುಗಳನ್ನು ತಿದ್ದುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಕಿಸಕ್ಕನೆ ನಕ್ಕಳು.

"ಮಾವ, ನಮ್ಮ ದರ್ಜಿ ಮಹಾಶಯರದು ನೋಡು. ಸಂಖ್ಯೆ ಹಾಕೋದೇ ಮರೆತಿದ್ದಾರೆ. ಒಂದು ಸಲಾನೂ ನಮಸ್ಕಾರ ಹೇಳಲ್ಲ, ಆದ್ರೂ ಕೊನೇಲಿ 'ಎಲ್ಲ ಹೇಳಿದೆ' ಅಂತ ಬರೆಯುತ್ತೆ!"

"ಅದು ಹೇಗೆ?"

"ಸೊನ್ನೆ ಸುತ್ತು ಅಂದ್ರೆ ಲೂಪ್ ಒಳಗೇ ಹೋಗಲ್ಲ. ಸೀದಾ ಕೊನೇ ಸಾಲಿಗೆ ಬಂದುಬಿಡುತ್ತೆ. ಅದಕ್ಕೇನು ಗೊತ್ತು, ಮಾಡಿ ಬಂದ್ನೋ, ಮಾಡದೇ ಬಂದ್ನೋ ಅಂತ."

ಹಬೆಯಣ್ಣ ಎಡಗೈ ಚಾಚಿದ. "ಪುಟ್ಟಿ, ನನ್ನ ಫೋನು ಕೊಡು."

ಸಂದೇಶಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಮೊದಲನೆಯದರ ಪಕ್ಕ ಎಂಟು ನಲವತ್ತು. ಎರಡನೆಯದರ ಪಕ್ಕ ಎಂಟು. ಮೂರನೆಯದು ಎಂಟು. ಆಮೇಲೆ ಎಲ್ಲವೂ ಎಂಟು, ಎಂಟು, ಎಂಟು. ಎಂಟಕ್ಕೆ ಶುರುವಾಗುವ ಕೆಲಸ ಎಂಟಕ್ಕೇ ಹೇಗೆ ಮುಗಿಯುತ್ತದೆ? ಒಂದೇ ಒಂದು ಸುತ್ತಿಗೂ ಎಂಟು ನಿಮಿಷ ಬೇಕು. ಕಪಾಟಿನ ಹಿಂದೆ ಇಟ್ಟ ಸ್ಲೇಟು, ಮೇಡಂ ಕೈಯಲ್ಲಿನ ಒದ್ದೆ ಬಟ್ಟೆ, ಅಡಿಗೆರೆ ಹಾಕಿ ಬರೆದುಕೊಂಡ ಸಾಲು, ಗೋಡೆ, ಟವೆಲು, ಎಲ್ಲ ಒಟ್ಟಿಗೇ ಅವನ ಎದೆಯ ಮೇಲೆ ಬಂದು ಬಿದ್ದವು. ಹನ್ನೊಂದು ದಿನ ಒಂದು ಲೋಟ ಕೆಸರೂ ಹೊರಗೆ ಹೋಗಿಲ್ಲ.

"ಅಮ್ಮನಿಗೆ ಫೋನ್ ಮಾಡು," ಎಂದ.

ಇಸ್ತ್ರಿ ಹಾಲಿನಲ್ಲಿ ಫೋನುಗಳನ್ನು ಲಾಕರಿನಲ್ಲಿ ಇಡಬೇಕು. ಅದು ಬಡಿದುಕೊಂಡು ನಿಂತಿತು. ಬಾಯ್ಲರ್ ಮನೆಯ ಫೋನು ಬರ್ನರಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಮ್ಯಾನೇಜರು ಯಾವುದೋ ಆಸ್ಪತ್ರೆಗೆ ಹೋಗಿದ್ದ. ಗೇಟಿನವನು ಎತ್ತಿ, "ಹಲೋ, ಯಾರು, ಗಟ್ಟಿಯಾಗಿ ಹೇಳಿ," ಎಂದು ಮೂರು ಸಲ ಕೇಳಿ ಇಟ್ಟುಬಿಟ್ಟ.

"ಸ್ಕೂಟರ್ ತೆಗಿ!"

ಬರಿಗಾಲಲ್ಲೇ ಹಿಂದೆ ಕೂತ. ಕಟ್ಟಿದ ಬಲಗೈ ನಡುವೆ ಒತ್ತಿಕೊಂಡು ಹೊಲಿಗೆ ಕಿತ್ತುಬರುವ ಹಾಗೆ ಉರಿಯಿತು. ಶಾಲೆಯ ಮುಂದೆ ಮಕ್ಕಳು ಸಾಲಾಗಿ ರಸ್ತೆ ದಾಟುತ್ತಿದ್ದವು, ನಿಲ್ಲಬೇಕಾಯಿತು. ಹುಡುಗಿ ಹ್ಯಾಂಡಲ್ ಬಿಡದೆ ಹಿಂದಕ್ಕೆ ತಿರುಗಿದಳು.

"ಮಾವ, ಸೊನ್ನೆ ಅಂತ ಹೇಳಿದ್ದು ನಾನು."

"ನೀನು ಹೇಳಿದ್ದು ಪಾಠ. ನನ್ನ ಬಾಯ್ಲರಿನ ವಿಷಯ ನಿಂಗೇನು ಗೊತ್ತು? ನಂಗೆ ಗೊತ್ತಿತ್ತು. ನೀನು ಓಡಿಸು."

ಲಾಂಡ್ರಿಯ ಚಿಮಣಿ ದೂರದಿಂದಲೇ ಕಂಡಿತು. ಅದು ಇನ್ನೂ ನಿಂತಿದೆ ಎಂಬುದೇ ಅವನಿಗೆ ಆಗ ದೊಡ್ಡ ಸಮಾಧಾನವಾಯಿತು. ಗೇಟಿನಲ್ಲಿ ಇಳಿದು, "ನೀನು ಒಳಗೆ ಕಾಲಿಡಬೇಡ," ಎಂದು ಹುಡುಗಿಗೆ ಹೇಳಿ ಓಡಿದ.

ಬಾಯ್ಲರ್ ಮನೆಯಲ್ಲಿ ಬದಲಿಯವನು ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದ. "ಅರೆ, ಹಬೆಯಣ್ಣ! ಕೈ ಹೇಗಿದೆ?" ಎಂದು ಎದ್ದ.

"ನೀರೆಷ್ಟಿದೆ?"

"ಅರ್ಧ ಇದೆ. ನೋಡಿ ಬೇಕಾದ್ರೆ. ಬೆಳಿಗ್ಗೆಯಿಂದ ಅರ್ಧಾನೇ."

ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನಿಜಕ್ಕೂ ಅರ್ಧ ನೀರಿತ್ತು. ಹಬೆಯಣ್ಣ ಹತ್ತಿರ ಹೋಗಿ ನೋಡಿದ. ಕುದಿಯುವ ಬಾಯ್ಲರಿನ ಗಾಜಿನಲ್ಲಿ ನೀರು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ, ಸದಾ ಕೂದಲೆಳೆಯಷ್ಟು ಏರಿ ಇಳಿಯುತ್ತಿರುತ್ತದೆ. ಇದು ಅಲುಗುತ್ತಿರಲಿಲ್ಲ. ಕಂದು ಬಣ್ಣಕ್ಕೆ ತಿರುಗಿ ಸತ್ತು ನಿಂತಿತ್ತು. ಕೆಳಗಿನ ದಾರಿ ಕಟ್ಟಿಹೋಗಿ ಹಳೆಯ ನೀರು ಗಾಜಿನಲ್ಲೇ ಸಿಕ್ಕಿಬಿದ್ದಿತ್ತು. ಒಳಗೆ ಎಷ್ಟಿದೆ ಎಂದು ಹೇಳುವವರು ಇನ್ನು ಯಾರೂ ಇರಲಿಲ್ಲ. ಪಂಪು ಮಾತಾಡದೆ ಕೂತಿತ್ತು. ಬಾಯ್ಲರಿನ ಮೈಯಿಂದ ಸುಟ್ಟ ಬಣ್ಣದ ವಾಸನೆ ಬರುತ್ತಿತ್ತು.

ಎಡಗೈಯಿಂದ ಬರ್ನರಿನ ಸ್ವಿಚ್ಚು ಎಳೆದ. ಗರ್ಜನೆ ನಿಂತಿತು. ಆ ಮೌನದಲ್ಲಿ ಕಬ್ಬಿಣ ಎಲ್ಲೋ ಒಳಗೆ ಟಕ್ ಎಂದಿತು.

"ನೀರಿಲ್ವಾ? ಪಂಪ್ ಹಾಕ್ಲಾ?" ಎಂದು ಬದಲಿಯವನು ಗುಂಡಿಯ ಕಡೆ ಕೈ ಚಾಚಿದ.

"ಮುಟ್ಟಬೇಡ!" ಹಬೆಯಣ್ಣ ಅವನನ್ನು ಎಡಭುಜದಿಂದ ನೂಕಿಬಿಟ್ಟ. "ಕೆಂಪಗೆ ಕಾದಿರೋ ಕಬ್ಬಿಣದ ಮೇಲೆ ತಣ್ಣೀರು ಬಿಟ್ರೆ ನಾನೂ ಇರಲ್ಲ, ನೀನೂ ಇರಲ್ಲ, ಆಚೆ ಇರೋರೂ ಇರಲ್ಲ. ನಡಿ ಹೊರಗೆ. ಗೇಟಿನ ತನಕ ಎಲ್ಲೂ ನಿಲ್ಲಬೇಡ."

ಇಸ್ತ್ರಿ ಹಾಲಿನಲ್ಲಿ ಅರವತ್ತು ಹೆಂಗಸರು ರೋಲರುಗಳ ಸದ್ದಿನ ನಡುವೆ ಹಾಡಿಕೊಂಡು, ಬೈದಾಡಿಕೊಂಡು ಕೆಲಸ ಮಾಡುತ್ತಿದ್ದರು. ಬಾಗಿಲಲ್ಲಿ ಬರಿಗಾಲಲ್ಲಿ, ಕೈಕಟ್ಟು ಬಿಚ್ಚಿ ಜೋಲಾಡುತ್ತ, "ಹೊರಗೆ! ಎಲ್ಲ ಹೊರಗೆ!" ಎಂದು ಕೂಗುತ್ತಿದ್ದ ಹಬೆಯಣ್ಣನನ್ನು ಕಂಡು ಮೊದಲು ಯಾರಿಗೂ ಅರ್ಥವಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನ ಗಟ್ಟಿ ದನಿಯನ್ನೇ ಅವರು ಕೇಳಿರಲಿಲ್ಲ. ಅರ್ಥವಾದ ಕೂಡಲೇ ಓಡಿದರು.

ತಂಗಿ ಕೊನೆಯ ರೋಲರಿನಲ್ಲಿ ಇದ್ದಳು. ಅವಳಿಗೂ ಬಾಗಿಲಿಗೂ ನಡುವೆ ಹಾಲಿನ ಅಷ್ಟೂ ಉದ್ದ. ಅವಳು ಓಡುತ್ತಿರಲಿಲ್ಲ, ಅರ್ಧ ಒಳಗೆ ಹೋದ ಹೊದಿಕೆಯನ್ನು ಹೊರಗೆ ಎಳೆಯುತ್ತಿದ್ದಳು.

"ಬಿಡೇ ಅದನ್ನ!"

"ಸುಟ್ಟುಹೋಗುತ್ತೆ ಅಣ್ಣ, ಆಸ್ಪತ್ರೆದು!"

ಅವನು ಹಾಲಿನ ಉದ್ದಕ್ಕೂ ಓಡಿ ಅವಳ ರೆಟ್ಟೆ ಹಿಡಿದು ಎಳೆದ. ಅಷ್ಟು ಹತ್ತಿರಕ್ಕೆ ಬಂದಾಗ ಗೋಡೆಯ ಝಳ ಮುಖಕ್ಕೆ ಹೊಡೆಯಿತು. ಗೋಡೆಯ ಬುಡದಲ್ಲಿ ಒಂದು ಸ್ಟೂಲು, ಅದರ ಮೇಲೆ ಮಡಚಿ ಇಟ್ಟ ಟವೆಲು. ಟವೆಲಿನ ಒಂದು ಮಗ್ಗುಲು ಕಂದಾಗಿತ್ತು. ಅವಳನ್ನು ಎಳೆದುಕೊಂಡೇ ಅಂಗಳ ದಾಟಿದ.

ಗೇಟಿನ ಹೊರಗೆ, ರಸ್ತೆಯ ಆಚೆ ಬದಿಯಲ್ಲಿ ಎಲ್ಲರೂ ನಿಂತರು. ಒಂದು ಗಂಟೆ ಕಳೆಯಿತು. ಎರಡು ಗಂಟೆ. ಒಳಗಿನಿಂದ ಆಗಾಗ ಟಕ್, ಟಣ್ ಎಂದು ಕಬ್ಬಿಣ ಆರುವ ಸದ್ದು. ಪ್ರತಿ ಸದ್ದಿಗೂ ಅರವತ್ತು ಜನ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಏನೂ ಸಿಡಿಯಲಿಲ್ಲ. ಸಂಜೆ ಕತ್ತಲಾಗುವ ಮುಂಚೆ ಎಲ್ಲರನ್ನೂ ಮನೆಗೆ ಕಳಿಸಿದರು.

ಎರಡು ದಿನ ಬಿಟ್ಟು ಬಾಯ್ಲರ್ ಪರೀಕ್ಷಕ ಬಂದು ಗುಂಡಿನ ಡಬ್ಬಿಯ ಮುಚ್ಚಳ ಬಿಚ್ಚಿದ. ಒಳಗೆ ನೀರಿನ ಜಾಗದಲ್ಲಿ ಬೂದುಬಣ್ಣದ ಗಟ್ಟಿ, ಉಳಿಯಿಂದ ಕೆತ್ತಬೇಕಾಯಿತು. ಗುಂಡು ಅದರಲ್ಲಿ ಕುತ್ತಿಗೆಯವರೆಗೆ ಹೂತಿತ್ತು, ತುಂಬಿದ ನೀರಿನ ಮೇಲೆ ತೇಲುತ್ತಿದ್ದ ಎತ್ತರದಲ್ಲೇ. ದೊಡ್ಡ ಕೊಳವೆಗಳಲ್ಲಿ ಎರಡು ಬಾಗಿ ಹೋಗಿದ್ದವು.

"ಸಿಡಿಯೋಕೆ ಇನ್ನೆಷ್ಟು ಹೊತ್ತು ಇತ್ತು ಸಾರ್?" ಎಂದು ನೀರಿನ ಮೇಡಂ ಕೇಳಿದರು. ಬಂದಾಗಿನಿಂದ ಅವರು ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

ಪರೀಕ್ಷಕ ಬಾಗಿದ ಕೊಳವೆಯನ್ನು ಬೆರಳಿನಿಂದ ತಡವಿ, "ಅಳೆಯೋಕಾಗಲ್ಲಮ್ಮ," ಎಂದ. "ಚಹಾ ಬಿಡುವು ಎಷ್ಟು ಗಂಟೆಗೆ ನಿಮ್ಮಲ್ಲಿ?"

"ಹತ್ತೂವರೆಗೆ."

"ಹತ್ತೂವರೆ ತನಕ ಇರ್ತಿರಲಿಲ್ಲ."

"ನಾನು ದಿನಾ ಬಂದೆ ಹಬೆಯಣ್ಣ," ಎಂದರು ಮೇಡಂ. "ದಿನಾ ನೋಡಿದೆ. ಬಂದಿದ್ದೆ ಅಂತ ಗೊತ್ತಾಗಲಿ ಅಂತಲೇ ಐದನ್ನ ಅಳಿಸಿ ಖಾಲಿ ಬಿಟ್ಟೆ."

"ಗೊತ್ತು ಮೇಡಂ," ಎಂದ ಹಬೆಯಣ್ಣ.

ಆದರೆ ಅವನಿಗೆ ನೆನಪಿನಲ್ಲಿ ಕೂತಿರುವುದು ಪರೀಕ್ಷಕನ ಮಾತೂ ಅಲ್ಲ, ಕಲ್ಲಾದ ಕೆಸರೂ ಅಲ್ಲ. ಎಲ್ಲರನ್ನೂ ರಸ್ತೆಗೆ ಓಡಿಸಿದ ದಿನದ ಮಾರನೆಯ ಬೆಳಿಗ್ಗೆ. ಲಾಂಡ್ರಿಗೆ ಬೀಗ, ಬಾಯ್ಲರು ತಣ್ಣಗಾಗಿದೆ, ಒಳಗೆ ನೀರಿಲ್ಲ, ಬೆಂಕಿಯಿಲ್ಲ, ಮನುಷ್ಯರಿಲ್ಲ. ತಂಗಿಗೆ ಕೆಲಸವಿರಲಿಲ್ಲ, ಆದರೂ ಅಭ್ಯಾಸದಂತೆ ಬೇಗ ಎದ್ದು ಚಹಾ ಮಾಡಿ, ಅಣ್ಣನ ಎಡಗೈಗೆ ಲೋಟ ಕೊಟ್ಟು ಎದುರಿಗೆ ಕೂತಿದ್ದಳು. ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು.

ಎಂಟು ಗಂಟೆಗೆ ಸರಿಯಾಗಿ ಫೋನು ಟಿಣ್ ಎಂದಿತು.

ಮೂವರೂ ಅದನ್ನೇ ನೋಡಿದರು. ಮೋಟಾರಿನ ಪೆಟ್ಟಿಗೆಗೆ ಕರೆಂಟು ಬೇರೆ ಕಡೆಯಿಂದ. ಅದನ್ನು ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ. ತಂಗಿ ಕೈ ಚಾಚಿ ಫೋನು ಎತ್ತಿಕೊಂಡಳು. ಓದಿದಳು, ಆದರೆ ಕೂಗಲಿಲ್ಲ. ಆ ಒಂದೇ ಪದವನ್ನು ಇನ್ನೊಮ್ಮೆ ನೋಡಿ ತಲೆ ಎತ್ತಿದಳು.

"ಏನು ಮುಗೀತಂತೆ ಅಣ್ಣ?"

ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಇಟ್ಟಳು. ಅವಳ ಒಂದು ಕೈ ಅವಳಿಗೆ ಗೊತ್ತಿಲ್ಲದೆಯೇ ಹಿಂದಕ್ಕೆ ಹೋಗಿ, ದಿನಾ ಆ ಗೋಡೆಗೆ ಆನಿಸುತ್ತಿದ್ದ ಬೆನ್ನನ್ನು ಸವರುತ್ತಿತ್ತು.